ಟಾಂಗ್ ಸಮಾಧಿಗಳ ಗಡ್ಡದ ಗೊಂಬೆಗಳು: ಇವರು ಯಾರು, ಅಲ್ಲೇನು ಕೆಲಸ?

ಪ್ರಶ್ನೆ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಚೀನಾದ ಒಂದು ಸಮಾಧಿಯ ಮಣ್ಣಿನ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಜೊತೆಗೆ ಒಂಟೆ, ಕುದುರೆ, ಅವುಗಳನ್ನು ಹಿಡಿದು ನಿಂತ ಆಳುಗಳು. ಇಂಥ ಆಳುಗಳ ಮುಖ ಎಷ್ಟೋ ಸಲ ಚೀನೀಯರದ್ದಲ್ಲ. ದೊಡ್ಡ ಮೂಗು, ಗುಳಿ ಬಿದ್ದ ಕಣ್ಣು, ಗಡ್ಡ. ಮುಷ್ಟಿ ಬಿಗಿ ಹಿಡಿದಿದ್ದಾರೆ, ಒಳಗೆ ಏನೂ ಇಲ್ಲ. ಇವರು ಯಾರು? ಗುಲಾಮರೇ? ಸತ್ತವರ ಜೊತೆ ಹೊರದೇಶದವರ ಗೊಂಬೆ ಯಾಕೆ ಇಡುತ್ತಿದ್ದರು? ಒಂದು ಪುಸ್ತಕದಲ್ಲಿ ಗುಂಗುರು ಕೂದಲಿನ, ಪಂಚೆ ಥರ ಬಟ್ಟೆ ಸುತ್ತಿದ ಕಪ್ಪು ಗೊಂಬೆಯನ್ನೂ ನೋಡಿದೆ. ಅವನು ನಮ್ಮ ಕಡೆಯವನೇ? ಕೊನೆಯದಾಗಿ, ಇಲ್ಲೊಂದು ಆಂಟಿಕ್ ಅಂಗಡಿಯಲ್ಲಿ ಇಂಥದೇ ಗೊಂಬೆ ಮಾರಾಟಕ್ಕಿದೆ. ಕೊಳ್ಳಬಹುದಾ?

ಉತ್ತರ: ಮುಷ್ಟಿಯಿಂದಲೇ ಶುರು ಮಾಡೋಣ, ಅದು ಸುಲಭ. ಆ ಕೈಯಲ್ಲಿ ಹಗ್ಗ ಇತ್ತು. ಕುದುರೆಯ ಲಗಾಮೋ, ಒಂಟೆಯ ಮೂಗುದಾರವೋ. ಮಣ್ಣು ಸಾವಿರದ ಮುನ್ನೂರು ವರ್ಷ ಉಳಿಯಿತು, ಹಗ್ಗ ಉಳಿಯಲಿಲ್ಲ. ಮುಂದಿನ ಸಲ ಹೋದಾಗ ಬಗ್ಗಿ ನೋಡಿ. ಇಂಥ ಎಷ್ಟೋ ಗೊಂಬೆಗಳ ಮುಷ್ಟಿಯಲ್ಲಿ ದಾರ ತೂರಿಸಲು ಒಂದು ತೂತು ಬಿಟ್ಟಿರುತ್ತಾರೆ. ಒಂದು ಕೈ ಮೇಲೆ, ಇನ್ನೊಂದು ಸೊಂಟದ ಹತ್ತಿರ, ಮೈ ಸ್ವಲ್ಪ ಹಿಂದಕ್ಕೆ ವಾಲಿದೆ. ಜಗ್ಗುವ ಪ್ರಾಣಿಯನ್ನು ಹಿಡಿದವನ ನಿಲುವು ಅದು. ಮಾಡಿದವನು ಲಾಯದ ಕೆಲಸವನ್ನು ಹತ್ತಿರದಿಂದ ಕಂಡಿದ್ದ ಅಂತ ಅಲ್ಲೇ ಗೊತ್ತಾಗುತ್ತದೆ.

ನೀವು ನೋಡಿದ್ದು ಲಿಯು ತಿಂಗ್‌ಷುನ್ ಎಂಬ ಸೇನಾಧಿಕಾರಿಯ ಸಮಾಧಿಯದ್ದು ಅಂತ ಹೇಳಲಾಗುವ ಗುಂಪು. ಅವನು 728ರಲ್ಲಿ, 72ನೇ ವಯಸ್ಸಿನಲ್ಲಿ ತೀರಿಕೊಂಡ. ಒಟ್ಟು 13 ಗೊಂಬೆಗಳು. ಅದರಲ್ಲಿ ಯುದ್ಧದ ಕವಚ ತೊಟ್ಟ ಇಬ್ಬರು ಕಾವಲುಗಾರರಿದ್ದಾರಲ್ಲ, ಅವರು ಬೌದ್ಧರ ಲೋಕಪಾಲರು, ದಿಕ್ಕು ಕಾಯುವವರು. ಅಂದರೆ ಭಾರತದಿಂದ ಹೋದವರು ಆ ಸಾಲಿನಲ್ಲೇ ಇದ್ದಾರೆ, ಆದರೆ ಆಳಾಗಿ ಅಲ್ಲ, ದೇವತೆಯಾಗಿ.

ಇದು ಟಾಂಗ್ ವಂಶದ ಕಾಲ, 618ರಿಂದ 907. ರಾಜಧಾನಿ ಚಾಂಗಾನ್, ಅಂದರೆ ಇವತ್ತಿನ ಶಿಯಾನ್. ಎರಡನೇ ರಾಜಧಾನಿ ಲುವೊಯಾಂಗ್. ನಿಮ್ಮ ಗಡ್ಡದವರಲ್ಲಿ ಜಾಸ್ತಿ ಜನ ಸೊಗ್ಡಿಯನ್ನರು. ಸಮರ್‌ಕಂದ್, ಬುಖಾರಾ ಸುತ್ತಲಿನ, ಅಂದರೆ ಇವತ್ತಿನ ಉಜ್ಬೇಕಿಸ್ತಾನದ ಕಡೆಯ ವ್ಯಾಪಾರಿಗಳು. ಚೀನೀಯರು ಪಶ್ಚಿಮ ಮತ್ತು ಉತ್ತರದ ಇಂಥ ಜನರನ್ನೆಲ್ಲ ಸೇರಿಸಿ ‘ಹು’ ಎನ್ನುತ್ತಿದ್ದರು. ಅದರಲ್ಲಿ ಪರ್ಷಿಯನ್ನರೂ ತುರ್ಕರೂ ಬರುತ್ತಾರೆ. ಗೊಂಬೆಯ ಮುಖ ನೋಡಿ ಇವನು ಇಂಥ ಊರಿನವನು ಅಂತ ಬೆರಳಿಟ್ಟು ಹೇಳುವವರನ್ನು ಅಷ್ಟಾಗಿ ನಂಬಬೇಡಿ.

ಸೊಗ್ಡಿಯನ್ನರ ಬಗ್ಗೆ ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ. ಹೌದು, ನಮ್ಮ ಪುಲಕೇಶಿಯ ನಾಡಿನ ಬಗ್ಗೆ ಬರೆದವನೇ. ಭಾರತಕ್ಕೆ ಬರುವ ದಾರಿಯಲ್ಲಿ ಅವನು ಸಮರ್‌ಕಂದ್ ಹಾದು ಬಂದ. ಆ ಜನರಲ್ಲಿ ಅರ್ಧ ಬೇಸಾಯ, ಅರ್ಧ ವ್ಯಾಪಾರ, ಅಪ್ಪ ಮಗ ಇಬ್ಬರೂ ಲಾಭದ ಲೆಕ್ಕದಲ್ಲೇ ಇರುತ್ತಾರೆ ಅಂತ ಸ್ವಲ್ಪ ಮೂಗು ಮುರಿದೇ ಬರೆದಿದ್ದಾನೆ. ಸನ್ಯಾಸಿ ಅಲ್ವಾ!

ಈಗ ‘ಯಾಕೆ ಇಡುತ್ತಿದ್ದರು’ ಅನ್ನುವುದಕ್ಕೆ ಬರೋಣ. ಸತ್ತವರಿಗೆ ಆಚೆಗೂ ಮನೆ, ಆಳು, ಕುದುರೆ ಬೇಕು ಅನ್ನುವುದು ಹಳೆಯ ನಂಬಿಕೆ. ಅದಕ್ಕಾಗಿ ಗೊಂಬೆ ಇಡುವ ಪದ್ಧತಿ ಟಾಂಗ್ ಕಾಲಕ್ಕಿಂತ ಎಷ್ಟೋ ಹಿಂದಿನದು. ಹೊರದೇಶದವರ ಗೊಂಬೆಯೂ ಹೊಸದೇನಲ್ಲ. ದಕ್ಷಿಣದ ಗುವಾಂಗ್‌ಝೌ ಬಂದರಿನಲ್ಲಿ ಹಾನ್ ಕಾಲದ ಸಮಾಧಿಗಳಿವೆ, ಅಂದರೆ ಇನ್ನೂ ಐದಾರು ನೂರು ವರ್ಷ ಹಿಂದಿನವು. ಅಲ್ಲಿ ಬರಿಮೈಯ, ಎತ್ತರದ ಮೂಗಿನ ಮಣ್ಣಿನ ಮನುಷ್ಯರು ಕುಕ್ಕರು ಕೂತಿದ್ದಾರೆ, ತಲೆಯ ಮೇಲೆ ದೀಪದ ತಟ್ಟೆ. ಆ ಗೊಂಬೆಗೆ ದೀಪ ಹೊರುವುದೊಂದೇ ಕೆಲಸ.

ಟಾಂಗ್ ಕಾಲದಲ್ಲಿ ಇದು ಅಂತಸ್ತಿನ ವಿಷಯವಾಯಿತು. ಯಾವ ದರ್ಜೆಯ ಅಧಿಕಾರಿಗೆ ಎಷ್ಟು ಗೊಂಬೆ ಅಂತ ಸರ್ಕಾರಿ ನಿಯಮವೇ ಇತ್ತು. ಮೂರನೇ ದರ್ಜೆ ಮತ್ತು ಅದಕ್ಕಿಂತ ಮೇಲಿನವರಿಗೆ 90. ಕೆಳ ದರ್ಜೆಯವರಿಗೆ 40. ಯಾರು ಕೇಳಬೇಕು? ಹೆಣ ಸಾಗಿಸುವ ದಿನ ಗೊಂಬೆಗಳನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ ತೋರಿಸುತ್ತಿದ್ದರು. 712ರ ಸುಮಾರಿಗೆ ತಾಂಗ್ ಶಾವೊ ಎಂಬ ಅಧಿಕಾರಿ ಚಕ್ರವರ್ತಿಗೆ ದೂರು ಬರೆದ. ದೊಡ್ಡವರೆಲ್ಲ ಪೈಪೋಟಿಗೆ ಬಿದ್ದಿದ್ದಾರೆ, ಗೊಂಬೆ ಕುದುರೆಗಳು ಜೀವ ಇದ್ದ ಹಾಗೆ ಕಾಣುತ್ತವೆ, ಇದೆಲ್ಲ ದಾರಿಯಲ್ಲಿ ಹೋಗುವವರ ಕಣ್ಣು ಕುಕ್ಕುವುದಕ್ಕೇ ಹೊರತು ಬೇರೇನಕ್ಕೂ ಅಲ್ಲ ಅಂತ. 741ರಲ್ಲಿ ಲೆಕ್ಕ ಇಳಿಸಿದರು. 90 ಇದ್ದದ್ದು 70 ಆಯಿತು, 40 ಇದ್ದದ್ದು 20. ಸಾಮಾನ್ಯರಿಗೆ 15.

ಹಾಗಾಗಿ ಈ ಗೊಂಬೆಗಳನ್ನು ನೋಡುವಾಗ ಒಂದನ್ನು ನೆನಪಿಡಿ. ಚಾಂಗಾನ್‌ನಲ್ಲಿ ಎಂಥೆಂಥ ಹೊರದೇಶದವರಿದ್ದರು ಅನ್ನುವುದರ ಪಟ್ಟಿ ಇಲ್ಲಿ ಸಿಗುವುದಿಲ್ಲ. ಒಂದು ಶ್ರೀಮಂತ ಮನೆಗೆ ಎಂಥ ಹೊರದೇಶದವರು ತಮ್ಮ ಬಾಗಿಲಲ್ಲಿ ನಿಂತಿರಬೇಕು ಅನ್ನಿಸಿತ್ತೋ, ಅವರು ಮಾತ್ರ ಸಿಗುತ್ತಾರೆ. ಎರಡಕ್ಕೂ ಎಷ್ಟು ದೂರ ಅನ್ನುವುದಕ್ಕೆ ಲುವೊಯಾಂಗ್‌ನ ಒಂದೇ ಸಮಾಧಿ ಸಾಕು.

1981ರಲ್ಲಿ ಲುವೊಯಾಂಗ್ ಹತ್ತಿರ, ಲೊಂಗ್‌ಮೆನ್ ಗುಹೆಗಳ ಆಸುಪಾಸಿನಲ್ಲಿ ಒಂದು ಸಮಾಧಿ ಸಿಕ್ಕಿತು. ಗಂಡ ಆನ್ ಪು, ಹೆಂಡತಿ ಹೆ ಮನೆತನದವಳು. ಇಬ್ಬರೂ ಸೊಗ್ಡಿಯನ್ ಮೂಲದವರು. ಬುಖಾರಾದಿಂದ ಬಂದವರು ಚೀನಾದಲ್ಲಿ ‘ಆನ್’ ಅಂತಲೂ ಸಮರ್‌ಕಂದದವರು ‘ಕಾಂಗ್’ ಅಂತಲೂ ಮನೆತನದ ಹೆಸರು ಇಟ್ಟುಕೊಳ್ಳುತ್ತಿದ್ದರು. ಆನ್ ಪು ತನ್ನ ಜನರ ಮುಖಂಡ, ಟಾಂಗ್ ಸೇನೆಯಲ್ಲಿ ಸೇನಾಪತಿಯ ಪದವಿ. 664ರಲ್ಲಿ ಚಾಂಗಾನ್‌ನಲ್ಲಿ ತೀರಿಕೊಂಡಿದ್ದ. ಹೆಂಡತಿ ಬಹಳ ವರ್ಷ ಆದಮೇಲೆ ಲುವೊಯಾಂಗ್‌ನಲ್ಲಿ ಹೋದಳು. 709ರಲ್ಲಿ ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಿದರು. ಸಮಾಧಿಯಲ್ಲಿ ಹೆಣದ ಒಂದು ಕೈಯಲ್ಲಿ ಬೈಜಾಂಟಿಯಂನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಚಿನ್ನದ ನಾಣ್ಯ ಇತ್ತು. 602ರಿಂದ 610ರವರೆಗೆ ಆಳಿದ ಫೋಕಾಸ್ ಚಕ್ರವರ್ತಿಯ ನಾಣ್ಯ.

ಸಮಾಧಿ ಮಾಡಿಸಿದ ಮಗನ ಹೆಸರು ಆನ್ ಜಿನ್‌ಜಾಂಗ್. ಇವನ ಕಥೆ ಟಾಂಗ್ ಇತಿಹಾಸದಲ್ಲೇ ಇದೆ. 693ರಲ್ಲಿ, ವು ಝೆಟಿಯಾನ್ ಮಹಾರಾಣಿ ಆಳುತ್ತಿದ್ದಾಗ, ಅವಳ ಮಗನ ಮೇಲೆಯೇ ರಾಜದ್ರೋಹದ ಆರೋಪ ಬಂತು. ರಾಜಕುಮಾರನ ಹತ್ತಿರ ಕೆಲಸಕ್ಕಿದ್ದವರನ್ನು ಹಿಡಿದು ಹಿಂಸೆ ಕೊಟ್ಟು ಬಾಯಿ ಬಿಡಿಸಲು ನೋಡಿದರು. ಜಿನ್‌ಜಾಂಗ್ ಅಲ್ಲಿ ಒಬ್ಬ ಸಾಮಾನ್ಯ ಕೆಲಸಗಾರ. ನನ್ನ ಮಾತು ನಂಬದಿದ್ದರೆ ಎದೆ ಸೀಳಿ ತೋರಿಸುತ್ತೇನೆ, ರಾಜಕುಮಾರ ತಪ್ಪು ಮಾಡಿಲ್ಲ ಅಂತ ಕತ್ತಿ ತೆಗೆದು ತನ್ನ ಹೊಟ್ಟೆಯನ್ನೇ ಕೊಯ್ದುಕೊಂಡ. ಕರುಳು ಹೊರಗೆ ಬಂತು. ರಾಣಿ ಅವನನ್ನು ಅರಮನೆಗೆ ತರಿಸಿ ವೈದ್ಯರಿಂದ ಹಿಪ್ಪುನೇರಳೆ ತೊಗಟೆಯ ನೂಲಿನಲ್ಲಿ ಹೊಲಿಸಿದಳು. ಅವನೂ ಬದುಕಿದ, ರಾಜಕುಮಾರನೂ ಉಳಿದ.

ಇಂಥ ಮನೆಯ ಸಮಾಧಿಯಲ್ಲಿ ಏನು ಇಟ್ಟಿದ್ದರು ಗೊತ್ತಾ? ಬಣ್ಣ ಬಣ್ಣದ ಕುದುರೆ, ಒಂಟೆ. ಅವುಗಳ ಪಕ್ಕ ದೊಡ್ಡ ಮೂಗಿನ, ಗುಳಿ ಕಣ್ಣಿನ ಆಳುಗಳು! ಸೊಗ್ಡಿಯನ್ ಮನೆತನವೂ ಅಂಗಡಿಯಿಂದ ‘ಹು’ ಆಳನ್ನೇ ತಂದಿಟ್ಟಿತು. ಯಾಕೆಂದರೆ ದೊಡ್ಡವರ ಸಮಾಧಿ ಅಂದರೆ ಹಾಗಿರಬೇಕಿತ್ತು. ಆ ಗೊಂಬೆ ತಮ್ಮದೇ ಜನರ ಅಣಕ ಅಂತ ಆ ಮಗನಿಗೆ ಅನ್ನಿಸಿತೋ ಇಲ್ಲವೋ. ಬಹುಶಃ ಅನ್ನಿಸಿರಲಿಕ್ಕಿಲ್ಲ. ಅವನ ಲೆಕ್ಕದಲ್ಲಿ ಅವರು ಸೇನಾಪತಿಯ ಮನೆಯವರು, ಕುದುರೆ ಹಿಡಿದವನು ಆಳು.

ಅಂಗಡಿಯಿಂದ ಅಂದೆ. ಈ ಗೊಂಬೆಗಳನ್ನು ಯಾರನ್ನೋ ಎದುರು ಕೂರಿಸಿಕೊಂಡು ಒಂದೊಂದಾಗಿ ಕಡೆದದ್ದಲ್ಲ. ಚಾಂಗಾನ್ ಮಾರುಕಟ್ಟೆಗಳಲ್ಲಿ ಸಾವಿನ ಸಾಮಾನು ಮಾರುವ ಅಂಗಡಿಗಳೇ ಇದ್ದವು. ನಮ್ಮಲ್ಲಿ ಗಣಪತಿ ಮಾಡುವವರ ಹಾಗೆ ಎರಡು ಹೋಳಿನ ಅಚ್ಚಿಗೆ ಮಣ್ಣು ಒತ್ತಿ ಮೈ ಮಾಡುತ್ತಿದ್ದರು. ತಲೆ ಬೇರೆ ಅಚ್ಚಿನಲ್ಲಿ. ಒಂದೇ ಮೈಗೆ ಬೇರೆ ಬೇರೆ ತಲೆ ಕೂರಿಸಿ ಬೇರೆ ಬೇರೆ ಮನುಷ್ಯರನ್ನು ಮಾಡಬಹುದಿತ್ತು. ಬಿಳಿ ಜೇಡಿಯ ಮಣ್ಣನ್ನು ಒಂದು ಸಲ ಸುಟ್ಟು, ಮೇಲೆ ಸೀಸದ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನ ಹಾಗೆ ಹೊಳೆಯುವ ಲೇಪ, ಹಚ್ಚಿ, ಕಡಿಮೆ ಶಾಖದಲ್ಲಿ ಇನ್ನೊಂದು ಸಲ ಸುಡುತ್ತಿದ್ದರು. ತಾಮ್ರ ಹಾಕಿದರೆ ಹಸಿರು, ಕಬ್ಬಿಣ ಹಾಕಿದರೆ ಜೇನಿನ ಬಣ್ಣ, ಕೋಬಾಲ್ಟ್ ಹಾಕಿದರೆ ನೀಲಿ. ನೀಲಿ ದುಬಾರಿ, ಅದಕ್ಕೇ ಕಡಿಮೆ. ಸೀಸದ ಗ್ಲೇಜ್ ಬಿಸಿಗೆ ತೆಳ್ಳಗಾಗಿ ಹರಿಯುತ್ತದೆ. ಹರಿದು ಬಣ್ಣಗಳು ಒಂದಕ್ಕೊಂದು ಬೆರೆಯುತ್ತವೆ. ಬಟ್ಟೆಗೆ, ಕುದುರೆ ಮೈಗೆ ಅದು ಚೆನ್ನ. ಮುಖದ ಮೇಲೆ ಹರಿದರೆ ಕಣ್ಣು ಮೂಗು ಕಲಸಿಹೋಗುತ್ತವೆ. ಅದಕ್ಕೆ ಎಷ್ಟೋ ಗೊಂಬೆಗಳಲ್ಲಿ ತಲೆಗೆ ಗ್ಲೇಜ್ ಹಚ್ಚದೆ ಹಾಗೇ ಬಿಟ್ಟು, ಆವಿಗೆಯಿಂದ ತೆಗೆದ ಮೇಲೆ ಕುಂಚದಲ್ಲಿ ಹುಬ್ಬು, ಮೀಸೆ, ತುಟಿಯ ಕೆಂಪು ಬರೆಯುತ್ತಿದ್ದರು. ಆ ಬಣ್ಣ ಬೇಗ ಉದುರುತ್ತದೆ. ಮೈ ಫಳಫಳ, ಮುಖ ಮಾತ್ರ ಬೋಳು ಅಂತ ನಿಮಗೆ ಕಂಡಿದ್ದರೆ ಕಾರಣ ಇದೇ.

ಹಾಗಾದರೆ ಗೊಂಬೆಗಳು ಯಾವ ಯಾವ ಕೆಲಸ ಮಾಡುತ್ತವೆ? ಎಲ್ಲಕ್ಕಿಂತ ಜಾಸ್ತಿ ಕುದುರೆ ಮತ್ತು ಒಂಟೆ ಹಿಡಿಯುವವರು. ಕುದುರೆ ಅಂದರೆ ಆಗ ಅಧಿಕಾರ. 660ರ ದಶಕದ ಹೊತ್ತಿಗೆ ಸರ್ಕಾರಿ ಹುಲ್ಲುಗಾವಲುಗಳಲ್ಲಿ 7,06,000 ಕುದುರೆಗಳಿದ್ದವು ಅಂತ ದಾಖಲೆ ಇದೆ. 667ರಲ್ಲಿ ಕುಶಲಕರ್ಮಿಗಳೂ ವ್ಯಾಪಾರಿಗಳೂ ಕುದುರೆ ಹತ್ತಬಾರದು ಅಂತ ಆಜ್ಞೆ ಹೊರಟಿತು. ಒಳ್ಳೆ ಕುದುರೆ ಬರುತ್ತಿದ್ದದ್ದು ಪಶ್ಚಿಮದ ಹುಲ್ಲು ಬಯಲುಗಳಿಂದ, ಅದನ್ನು ಪಳಗಿಸುವವನೂ ಅಲ್ಲಿಯವನೇ ಆದರೆ ಇನ್ನೂ ಮರ್ಯಾದೆ. ಒಂಟೆಯ ಮೇಲಿನ ಹೊರೆಯನ್ನು ಮಾತ್ರ ಪೂರ್ತಿ ನಂಬಬೇಡಿ. ತಿರುಚಿದ ರೇಷ್ಮೆ ಲಡಿ, ಚಪ್ಪಟೆ ನೀರಿನ ಕುಡಿಕೆ, ರಾಕ್ಷಸನ ಮುಖ ಬಿಡಿಸಿದ ದೊಡ್ಡ ಚೀಲ, ಪಕ್ಕದಲ್ಲಿ ನೇತುಹಾಕಿದ ಬೇಟೆಯ ಹಕ್ಕಿ ಅಥವಾ ಮೊಲ. ಗೊಂಬೆಯಿಂದ ಗೊಂಬೆಗೆ ಅದೇ ಸಾಮಾನು. ನಿಜವಾದ ವ್ಯಾಪಾರಿ ಒಂಟೆಗೆ ಇಷ್ಟು ಚೆಂದವಾಗಿ ಹೊರೆ ಕಟ್ಟುತ್ತಾನಾ? ಇದು ಸಿರಿತನದ ಚಿತ್ರ.

ಬೇಟೆಯವರು ನನಗೆ ಬಹಳ ಇಷ್ಟ. ಶಿಯಾನ್‌ನ ಪೂರ್ವ ಭಾಗದಲ್ಲಿ 1991ರಲ್ಲಿ ಅಗೆದ ಜಿನ್‌ಷಿಯಾಂಗ್ ರಾಜಕುವರಿಯ ಸಮಾಧಿ (724) ಇದಕ್ಕೆ ಹೆಸರಾದದ್ದು. ಅಲ್ಲೊಬ್ಬ ಹೊರದೇಶದ ಬೇಟೆಗಾರ ಕುದುರೆ ಮೇಲೆ ಕೂತಿದ್ದಾನೆ. ಅವನ ಬೆನ್ನ ಹಿಂದೆ, ಜೀನಿನ ಮೇಲೆ, ಚೀತಾ ಕೂತಿದೆ. ಕುದುರೆ ಬೆಚ್ಚದ ಹಾಗೆ ಚೀತಾವನ್ನು ಹಿಂದೆ ಕೂರಿಸಿಕೊಂಡು ಓಡಿಸುವುದು, ಬೇಟೆ ಕಂಡಾಗ ಬಿಡುವುದು, ಇದೆಲ್ಲ ಪರ್ಷಿಯಾ ಕಡೆಯ ವಿದ್ಯೆ. ಪ್ರಾಣಿಯ ಜೊತೆಗೇ ಅದನ್ನು ಪಳಗಿಸುವವರೂ ಬಂದರು. ಅದೇ ಸಮಾಧಿಯಲ್ಲಿ ಕುದುರೆ ಮೇಲೆ ಕಾಡುಬೆಕ್ಕಿನ ಜಾತಿಯ ಲಿಂಕ್ಸ್ ಕೂರಿಸಿಕೊಂಡ ಹೆಂಗಸೂ ಇದ್ದಾಳೆ. ಬಟ್ಟೆ ಪಶ್ಚಿಮದ ಶೈಲಿಯದು, ಹೆಂಗಸು ಚೀನೀಯಳು.

ಇದನ್ನು ಗಮನಿಸಿ: ಆ ಕಾಲದ ಚೀನೀ ಹೆಂಗಸರು ಬಿಗಿ ತೋಳಿನ ಅಂಗಿ, ಮಡಚಿದ ಕಾಲರ್, ಪಾಯಜಾಮ, ಬೂಟು ಹಾಕಿಕೊಳ್ಳುವುದು ದೊಡ್ಡ ಫ್ಯಾಷನ್. ಆದರೆ ನಿಜವಾದ ಹೊರದೇಶದ ಹೆಂಗಸಿನ ಗೊಂಬೆ ಸಿಗುವುದು ಬಲು ಅಪರೂಪ. ಲಿ ಬಾಯ್‌ಯಂಥ ಕವಿಗಳ ಪದ್ಯಗಳಲ್ಲಿ ಹೆಂಡದಂಗಡಿಯ ‘ಹು’ ಹುಡುಗಿಯರು ನಗುತ್ತಾ ಗಿರಾಕಿಗಳನ್ನು ಕರೆಯುತ್ತಾರೆ. ಸಮಾಧಿಗೆ ಮಾತ್ರ ಅವರನ್ನು ಕರೆಯಲಿಲ್ಲ.

ಹಾಡು, ಕುಣಿತದವರೂ ಇದ್ದಾರೆ. ಷಿಯಾನ್‌ಯು ತಿಂಗ್‌ಹುಯಿ ಎಂಬ ಸೇನಾಪತಿಯ ಸಮಾಧಿ (723) 1957ರಲ್ಲಿ ಸಿಕ್ಕಿತು. ಅದರ ಒಂಟೆ ಈಗ ಬೀಜಿಂಗ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಒಂಟೆಯ ಬೆನ್ನಿಗೆ ಹಲಗೆ ಕಟ್ಟಿ, ಮೇಲೆ ಕಂಬಳಿ ಹಾಸಿ, ಐದು ಜನರನ್ನು ಹತ್ತಿಸಿದ್ದಾರೆ. ನಾಲ್ವರು ಅಂಚಿನಲ್ಲಿ ಕೂತು ವಾದ್ಯ ನುಡಿಸುತ್ತಾರೆ, ನಡುವೆ ಗಡ್ಡದವನೊಬ್ಬ ನಿಂತು ತೋಳು ಬೀಸಿ ಕುಣಿಯುತ್ತಾನೆ. ಐವರಲ್ಲಿ ಕೆಲವರು ಹೊರದೇಶದವರು, ಕೆಲವರು ಚೀನೀಯರು, ಒಂದೇ ಮೇಳ. ಇನ್ನು ಗಾನ್ಸು ಪ್ರಾಂತ್ಯದ ಮು ತಾಯ್ ಎಂಬ ಸೇನಾಪತಿಯ ಸಮಾಧಿಯ (730) ಗೊಂಬೆಗಳು ಗ್ಲೇಜ್ ಇಲ್ಲದವು, ಬರೀ ಬಣ್ಣ ಹಚ್ಚಿದವು. ಅಂಗಿ ಬಿಚ್ಚಿ ದೊಡ್ಡ ಹೊಟ್ಟೆ ಬಿಟ್ಟುಕೊಂಡು ನಿಂತ ವಿನೋದದವನೊಬ್ಬ ಅಲ್ಲಿದ್ದಾನೆ. ನಗಿಸುವುದಕ್ಕೇ ಮಾಡಿದ್ದು, ಇವತ್ತಿಗೂ ನಗು ಬರುತ್ತದೆ. ಆದರೆ ಯಾರನ್ನು ನೋಡಿ ನಗುತ್ತಿದ್ದರು ಅಂತ ಯೋಚಿಸಿದರೆ ಸ್ವಲ್ಪ ಇರಿಸುಮುರಿಸು.

ಇವರು ಗುಲಾಮರೇ ಅಂತ ಕೇಳಿದ್ದೀರಿ. ಗೊಂಬೆಯ ಮೈಮೇಲೆ ಅದು ಬರೆದಿಲ್ಲ. ಕೂಲಿಗೆ ಬಂದ ಲಾಯದವನಿಗೂ ಕೊಂಡು ತಂದವನಿಗೂ ಬಟ್ಟೆ ಒಂದೇ. ಆದರೆ ವ್ಯಾಪಾರ ಇತ್ತು, ಅದಕ್ಕೆ ಕಾಗದವೇ ಸಾಕ್ಷಿ. ಚೀನಾದ ಈಗಿನ ವಾಯವ್ಯ ಮೂಲೆಯ ತುರ್ಫಾನ್‌ನ ಅಸ್ತಾನಾ ಸ್ಮಶಾನದಲ್ಲಿ 639ರ ಒಂದು ಕ್ರಯಪತ್ರ ಸಿಕ್ಕಿದೆ, ಸೊಗ್ಡಿಯನ್ ಭಾಷೆಯದು. ಸಮರ್‌ಕಂದದ ಒಬ್ಬ ವ್ಯಾಪಾರಿ ಉಪಾಚ್ ಎಂಬ ಹುಡುಗಿಯನ್ನು 120 ಬೆಳ್ಳಿ ನಾಣ್ಯಕ್ಕೆ ಮಾರಿದ್ದಾನೆ. ಕೊಂಡವನು ಚೀನೀ ಮನೆತನದ ಬೌದ್ಧ ಭಿಕ್ಷು. ಹೊಡೆಯಲಿ, ಅಡ ಇಡಲಿ, ಮಾರಲಿ, ದಾನ ಕೊಡಲಿ, ಅವನಿಷ್ಟ ಅಂತ ಪತ್ರದಲ್ಲಿದೆ. ತುರ್ಫಾನ್ ಮರುವರ್ಷ ಟಾಂಗ್ ಕೈಗೆ ಬಂತು.

ಇನ್ನೊಂದು ತುದಿಯಲ್ಲಿ ಆನ್ ಪು ಥರದ ಸೇನಾಪತಿಗಳು. ಅವರಲ್ಲೇ ಒಬ್ಬನಿಂದ ಎಲ್ಲ ತಲೆಕೆಳಗಾಯಿತು. ಆನ್ ಲುಷಾನ್, ಅಪ್ಪ ಸೊಗ್ಡಿಯನ್, ತಾಯಿ ತುರ್ಕ್. ಗಡಿಯ ದೊಡ್ಡ ಸೇನೆ ಅವನ ಕೈಯಲ್ಲಿತ್ತು. 755ರಲ್ಲಿ ದಂಗೆ ಎದ್ದ. 763ರವರೆಗೆ ನಡೆದ ಆ ಯುದ್ಧದಲ್ಲಿ ಎರಡೂ ರಾಜಧಾನಿಗಳು ಹಾಳಾದವು. ಆಮೇಲೆ ‘ಹು’ ಮುಖದವರಿಗೆ ಕಷ್ಟದ ದಿನ. 760ರಲ್ಲಿ ಯಾಂಗ್‌ಝೌ ಪಟ್ಟಣದಲ್ಲಿ ಸಾವಿರಾರು ಅರಬ್, ಪರ್ಷಿಯನ್ ವ್ಯಾಪಾರಿಗಳನ್ನು ಕೊಂದರು. ಇನ್ನೊಬ್ಬ ಸೊಗ್ಡಿಯನ್ ಮೂಲದ ಸೇನಾಪತಿ, ದಂಗೆಕೋರನ ಜೊತೆ ‘ಆನ್’ ಹೆಸರು ಹಂಚಿಕೊಳ್ಳಲು ನಾಚಿಕೆ ಅಂತ ಚಕ್ರವರ್ತಿಯನ್ನು ಕೇಳಿ ‘ಲಿ’ ಅಂತ ಬದಲಾಯಿಸಿಕೊಂಡ, ಲಿ ಬಾವೊಯು ಆದ. ದೊಡ್ಡ ದೊಡ್ಡ ಬಣ್ಣದ ಗೊಂಬೆಗಳೂ ಅಲ್ಲಿಗೆ ಹೆಚ್ಚು ಕಡಿಮೆ ನಿಂತವು. ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ನೀವು ಮ್ಯೂಸಿಯಂಗಳಲ್ಲಿ ನೋಡುವ ಚೆಂದದ ಗಡ್ಡದವರೆಲ್ಲ ಬಹುಪಾಲು ಆ ದಂಗೆಗಿಂತ ಹಿಂದಿನ ಅರವತ್ತು ಎಪ್ಪತ್ತು ವರ್ಷದವರು.

ಪಂಚೆಯವನ ವಿಷಯ. ಅವನನ್ನು ಚೀನೀಯರು ‘ಕುನ್‌ಲುನ್’ ಅನ್ನುತ್ತಿದ್ದರು. ದಕ್ಷಿಣ ಸಮುದ್ರದ ಕಡೆಯ ಕಪ್ಪು ಮೈಬಣ್ಣದವರಿಗೆಲ್ಲ ಅದೇ ಹೆಸರು. ಸಣ್ಣ ಗುಂಗುರು ಕೂದಲು, ಸೊಂಟಕ್ಕೆ ಸುತ್ತಿ ಮೇಲಕ್ಕೆ ಕಟ್ಟಿದ ಬಟ್ಟೆ, ಹೆಗಲ ಮೇಲಿಂದ ಓರೆಯಾಗಿ ಬಂದ ಶಲ್ಯ. ಶಿಯಾನ್‌ನಲ್ಲಿ ಪೆಯ್ ಮನೆತನದ ಹುಡುಗಿಯೊಬ್ಬಳ ಸಮಾಧಿಯಲ್ಲಿ (850) ಸಿಕ್ಕಿದವನು ಒಂದು ಗೇಣೂ ಇಲ್ಲ. ಶಲ್ಯ ನೋಡಿದರೆ ನಮ್ಮವನೇ ಅನ್ನಿಸುತ್ತದೆ, ನಿಜ. ಆದರೆ ಅಂಥ ಉಡುಪು ಆಗ ಜಾವಾ, ಸುಮಾತ್ರಾ, ಇಂಡೋಚೀನಾ ಕರಾವಳಿಯಲ್ಲೆಲ್ಲ ಇತ್ತು. ಹೆಚ್ಚಿನ ವಿದ್ವಾಂಸರು ಅವನನ್ನು ಆ ಕಡೆಯವನು ಅನ್ನುತ್ತಾರೆ, ಕೆಲವರು ಆಫ್ರಿಕಾದವನು ಅನ್ನುತ್ತಾರೆ. ನಾನು ಮೊದಲಿನವರ ಕಡೆ.

ಭಾರತದವರು ಚಾಂಗಾನ್‌ನಲ್ಲಿ ಇರಲೇ ಇಲ್ಲವಾ? ಇದ್ದರು, ಅದೂ ಒಳ್ಳೆ ಹುದ್ದೆಯಲ್ಲಿ. ಗೌತಮ ಸಿದ್ಧ ಅಂತ ಒಬ್ಬ ಅರಮನೆಯ ಖಗೋಳ ಕಚೇರಿಯ ಮುಖ್ಯಸ್ಥನಾಗಿದ್ದ. 718ರಲ್ಲಿ ನಮ್ಮ ನವಗ್ರಹ ಲೆಕ್ಕದ ಪಂಚಾಂಗವನ್ನು ಚೀನೀ ಭಾಷೆಗೆ ತಂದ. ಅದರಲ್ಲಿ ಸೊನ್ನೆಗೆ ಒಂದು ಚುಕ್ಕೆ ಹಾಕುವ ಕ್ರಮವೂ ಇತ್ತು. ಅವನ ಮಗನ ಸಮಾಧಿಯ ಶಾಸನ 1977ರಲ್ಲಿ ಶಿಯಾನ್ ಹತ್ತಿರ ಸಿಕ್ಕಿತು. ಮೂಲ ಮಧ್ಯ ಭಾರತ, ಆದರೆ ತಲೆತಲಾಂತರದಿಂದ ರಾಜಧಾನಿಯ ಊರಿನವರೇ ಅಂತ ಅದರಲ್ಲಿ ಬರೆದಿದೆ. ಗ್ರಹಗತಿ ಗುಣಿಸುವ ಭಾರತೀಯನ ಮಣ್ಣಿನ ಗೊಂಬೆಯನ್ನು ನಾನಂತೂ ಎಲ್ಲೂ ನೋಡಿಲ್ಲ. ಅಂಥವನನ್ನು ಯಾರು ಕೊಳ್ಳುತ್ತಿದ್ದರು ಹೇಳಿ? ಕುದುರೆ ಹಿಡಿಯಲು ಬರುವುದಿಲ್ಲ.

ಅಂಗಡಿಯ ಗೊಂಬೆ. ಸುಮ್ನೆ ದುಡ್ಡು ಕಳೆದುಕೊಳ್ಳಬೇಡಿ. 1905ರ ನಂತರ ಲುವೊಯಾಂಗ್ ಹತ್ತಿರದ ಮಾಂಗ್‌ಶಾನ್ ಗುಡ್ಡಗಳಲ್ಲಿ ರೈಲು ದಾರಿ ಹಾಕುವಾಗ ಸಮಾಧಿಗಳು ಬಾಯಿ ತೆರೆದು ಈ ಗೊಂಬೆಗಳು ರಾಶಿ ರಾಶಿ ಪೇಟೆಗೆ ಬಂದವು. ಬೆಲೆ ಏರಿದ್ದೇ ನಕಲಿಯೂ ಶುರುವಾಯಿತು. ಲುವೊಯಾಂಗ್ ಪಕ್ಕದ ನಾನ್‌ಶಿಶಾನ್ ಹಳ್ಳಿಯಲ್ಲಿ ಇವತ್ತಿಗೂ ಮನೆ ಮನೆಯಲ್ಲಿ ಇಂಥ ಗೊಂಬೆ ಮಾಡುತ್ತಾರೆ. ಅವರು ಹೊಸದು ಅಂತಲೇ ಮಾರುತ್ತಾರೆ, ಕೆಲಸವೂ ಚೊಕ್ಕ. ಕೈ ಬದಲಾಗುತ್ತಾ ಹೋದ ಹಾಗೆ ಅದು ಹಳೆಯದಾಗುತ್ತದೆ, ಅಷ್ಟೇ. ಗ್ಲೇಜಿನ ಸಣ್ಣ ಬಿರುಕು, ಅಂಟಿದ ಮಣ್ಣು, ಇದನ್ನೆಲ್ಲ ಈಗ ಹೊಸದಾಗಿಯೇ ತರಿಸುತ್ತಾರೆ. ಥರ್ಮೋಲ್ಯುಮಿನಿಸೆನ್ಸ್ ಪರೀಕ್ಷೆ ಇದೆ: ಗೊಂಬೆಯ ಅಡಿಯಿಂದ ಚಿಟಿಕೆ ಪುಡಿ ಕೊರೆದು, ಮಣ್ಣನ್ನು ಕೊನೆಯ ಸಲ ಯಾವಾಗ ಸುಟ್ಟದ್ದು ಅಂತ ಹೇಳುತ್ತಾರೆ. ಅದನ್ನೂ ದಾಟಿಸಲು ಹಳೆಯ ಕಾಲಿಗೆ ಹೊಸ ಮೈ ಅಂಟಿಸಿದ ಪ್ರಸಂಗಗಳಿವೆ. ಇನ್ನು ಗೊಂಬೆ ಅಸಲಿಯೇ ಅಂತಿಟ್ಟುಕೊಳ್ಳಿ, ಅದು ಯಾರದೋ ಸಮಾಧಿ ದೋಚಿ ತಂದದ್ದಿರಬಹುದು. ಟಾಂಗ್ ಕಾಲದವರೆಗಿನ ಇಂಥ ಸಾಮಾನು ಸರಿಯಾದ ಕಾಗದಪತ್ರ ಇಲ್ಲದೆ ಚೀನಾದಿಂದ ಬರುವುದನ್ನು ಅಮೆರಿಕ 2009ರಲ್ಲೇ ನಿರ್ಬಂಧಿಸಿತು. ಹಾಗಾಗಿ ಅಂಗಡಿಯವರನ್ನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ. ಇದು ಯಾವ ವರ್ಷ ಚೀನಾದಿಂದ ಹೊರಗೆ ಬಂತು, ಯಾರ ಯಾರ ಕೈ ದಾಟಿತು, ರಸೀತಿ ಎಲ್ಲಿ ಅಂತ ಕೇಳಿ. ಉತ್ತರ ತಡವರಿಸಿದರೆ ಹೊರಟುಬಿಡಿ. ಮನೆಯಲ್ಲಿ ಒಂದು ಬೇಕೇ ಬೇಕು ಅನ್ನಿಸಿದರೆ ನಾನ್‌ಶಿಶಾನ್‌ನವರು ಮಾಡಿದ್ದನ್ನೇ ಹೊಸದು ಅಂತ ಗೊತ್ತಿದ್ದು ಕೊಳ್ಳಿ. ಸೀಸದ ಗ್ಲೇಜ್ ಇದ್ದರೆ ಅದರಲ್ಲಿ ಊಟ ತಿಂಡಿ ಮಾತ್ರ ಇಡಬೇಡಿ.